ಮಂಗ ಬಣ, ನವಿಲು ಬಣ ಮತ್ತು ಒಂದು ಖಾಲಿ ಚೌಕ

ಫರಂಗಿಪೇಟೆ
ಭಾನುವಾರ, ೧೯ ಜನವರಿ ೨೦೨೫

ಅಖಂಡ ಬೆಳುವಾಯಿ ಸಂಸ್ಥಾನದ ಏಕಮಾತ್ರ ವಿದುಷಿ, ಲುಬ್ಲಿನ್ ನಗರದ ಧೂಳು ಹಿಡಿದ ಸಮಸ್ತ ಹಳೆಯ ಪತ್ರಿಕೆಗಳ ಒಡತಿ, ಪೋಲೆಂಡಿನ ಪೂರ್ವ ಗಡಿಯಲ್ಲಿ ನೂರು ವರ್ಷದ ಹಿಂದೆ ಹುಟ್ಟಿ ಜಗಳವಾಡಿ ಅಡಗಿಹೋದ ರೈತ ಪಕ್ಷಗಳ ಜೀವಂತ ವಾರಸುದಾರಳು, ನನಗೆ ಒತ್ತಕ್ಷರ ಕಲಿಸಿದ ಆದಿಗುರು, ಪರಮಪೂಜ್ಯ ನಿಖಿತಕ್ಕನವರ ಉಣ್ಣೆಯ ಕಾಲುಚೀಲ ಧರಿಸಿದ ಪಾದಾರವಿಂದಗಳಿಗೆ ಕೊಕ್ಕಡದ ಜತ್ತಪ್ಪ ಗೌಡರ ಮೊಮ್ಮಗ ಮನ್ವಿತನು ಹತ್ತು ಬೆರಳು ಜೋಡಿಸಿ ಮಾಡುವ ಬಿನ್ನಹ.

ನಾವೆಲ್ಲ ಕ್ಷೇಮ. ನೀನೂ ಅಲ್ಲಿ ಹೆಪ್ಪುಗಟ್ಟದೆ ಇದ್ದೀ ಎಂದು ನಂಬುತ್ತೇನೆ. ನಿನ್ನ ಕಾರ್ಡು ಡಿಸೆಂಬರ್ ಮೂವತ್ತಕ್ಕೇ ಕೈಸೇರಿತು, ಇವತ್ತಿಗೆ ಇಪ್ಪತ್ತು ದಿನ. ತಡವಾದದ್ದಕ್ಕೆ ಕ್ಷಮೆ ಕೇಳ್ತೇನೆ, ಆದರೆ ಅರ್ಧ ಮಾತ್ರ. ಉಳಿದ ಅರ್ಧ ತಪ್ಪು ನಿನ್ನದು. ನೀನು ವಾಟ್ಸ್ಯಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡದೆ ಇದ್ದಿದ್ದರೆ ಆಯಾ ದಿನದ್ದು ಆಯಾ ದಿನವೇ ಮುಟ್ಟುತ್ತಿತ್ತು. ಪೋಲೆಂಡ್ ಸರಕಾರದ ಪಶುಸಂಗೋಪನಾ ಇಲಾಖೆಯ ಹೆಸರಿನಲ್ಲಿ "ವಿದೇಶಿ ವಿದ್ಯಾರ್ಥಿಗಳು ವೀಸಾ ನವೀಕರಣಕ್ಕೆ ಮುಂಚಿತವಾಗಿ ಒಂದು ಹಸುವಿನ ಹಾಲು ಕರೆದು ತೋರಿಸತಕ್ಕದ್ದು" ಎಂಬ ನೋಟೀಸು ಕಳಿಸಿದ್ದು ನಾನೇ, ಒಪ್ಪಿಕೊಂಡಾಗಿದೆ. ಆದರೆ ಅದನ್ನು ನಂಬಿ ಹಾಸ್ಟೆಲಿನ ವಾರ್ಡನ್ ಹತ್ತಿರ ಹೋಗಿ ಹಸು ಎಲ್ಲಿ ಸಿಗ್ತದೆ ಅಂತ ವಿಚಾರಿಸಿದ್ದು ನೀನು. ಗುತ್ತಿನ ದೊಡ್ಡ ಮನೆತನದ ಮಗಳಿಗೆ ಹಾಲು ಕರೆಯಲು ಬರುವುದಿಲ್ಲ ಎಂಬ ಸತ್ಯ ಎರಡು ಖಂಡಗಳಿಗೆ ಗೊತ್ತಾದರೆ ಅದಕ್ಕೆ ನನ್ನ ಮೇಲೆ ಸಿಟ್ಟು ಯಾಕೆ ಮಾರಾಯ್ತಿ?

ಇರಲಿ. ಕಾರ್ಡಿನ ಮುಂದೆ ಒಂದು ಇಗರ್ಜಿ, ಹಿಂದೆ ನಿನ್ನ ಇರುವೆ ಅಕ್ಷರ. "ಅಪ್ಪನೂ ಜತ್ತಪ್ಪಜ್ಜನೂ ಮಾತಾಡ್ತಾರಾ? ಜನವರಿ ಒಂಬತ್ತಕ್ಕೆ ಸಂಘದ ಚುನಾವಣೆಗೆ ಇಬ್ಬರೂ ಬೇರೆ ಬೇರೆ ನಾಮಪತ್ರ ಹಾಕಿದರೆ ಇಬ್ಬರೂ ಸೋಲ್ತಾರೆ. ಸೋತರೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಸಾಯುವ ತನಕ ಮುಖ ನೋಡುವುದಿಲ್ಲ. ನೀನು ನಡುವೆ ಇದ್ದೀ. ಒಮ್ಮೆಯಾದರೂ ತಮಾಷೆ ಬಿಟ್ಟು ಏನಾದರೂ ಮಾಡು."

ಮಾಡಿದೆ. ಅದರ ಅಧಿಕೃತ ವರದಿ ಇದು. ಪೋಲೆಂಡಿನ ಅಂಚೆಯವರು ಯಾರಾದರೂ ಒಡೆದು ಓದಿದರೆ ಅವರಿಗೂ ತಿಳಿಯಲಿ ಎಂದು ಹಿನ್ನೆಲೆಯನ್ನೂ ದಾಖಲಿಸುತ್ತಿದ್ದೇನೆ. ನಿನಗೆ ಬೇಸರವಾದರೆ ಎರಡು ಪ್ಯಾರಾ ಹಾರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಿಗೆ ಸೇರಿ ನಮ್ಮದೊಂದು ರೈತ ಪಕ್ಷ. ಸದಸ್ಯರು ನಲ್ವತ್ತೊಂದು. ಸಭೆಗೆ ಬರುವವರು ಹನ್ನೊಂದು. ಊಟ ಉಂಟು ಅಂತ ಹೇಳಿದರೆ ಎಪ್ಪತ್ತು. ಕಟ್ಟಿದವರು ಕೊಕ್ಕಡದ ನನ್ನ ಅಜ್ಜ ಮತ್ತು ಬೆಳುವಾಯಿಯ ನಿನ್ನ ಅಪ್ಪ ಸುಧಾಕರ ಹೆಗ್ಡೆಯವರು. ಈ ಪಕ್ಷ ಇಷ್ಟು ವರ್ಷದಲ್ಲಿ ಗೆದ್ದದ್ದು ಬೆಳೆಗಾರರ ಸಹಕಾರಿ ಸಂಘದಲ್ಲಿ ಒಂದೇ ಒಂದು ನಿರ್ದೇಶಕನ ಸೀಟು. ಹೊರಡಿಸಿದ್ದು 'ಹಾರೆ' ಎಂಬ ನಾಲ್ಕು ಪುಟದ ಪಾಕ್ಷಿಕ. ಎರಡು ವರ್ಷದ ಹಿಂದೆ ಮೂಡುಬಿದಿರೆಯ ಸಭೆಯಲ್ಲಿ ಪ್ರಣಾಳಿಕೆ ಬರೆಯಲು ಕೂತಾಗ, ಮೊದಲನೇ ಬೇಡಿಕೆ ಯಾರ ವಿರುದ್ಧ ಇರಬೇಕು ಎಂಬ ಪ್ರಶ್ನೆ ಎದ್ದಿತು. ನೀನು ಅವತ್ತು ಅಡುಗೆಯವರಿಗೆ ತೆಂಗಿನಕಾಯಿ ತರಲು ಹೋಗಿದ್ದೆ, ಹಾಗಾಗಿ ಸಾಕ್ಷಿ ನಾನೊಬ್ಬನೇ.

"ಮಂಗ," ಎಂದರು ಅಜ್ಜ. "ಸಿಯಾಳ ಕುಡಿದು ಖಾಲಿ ಬುರುಡೆಯನ್ನು ನಮ್ಮ ತಲೆಗೇ ಬಿಸಾಡ್ತದೆ. ಇದಕ್ಕಿಂತ ದೊಡ್ಡ ಶತ್ರು ಯಾರು?"

"ನವಿಲು," ಎಂದರು ನಿನ್ನ ಅಪ್ಪ. "ಬಿತ್ತಿದ ಭತ್ತವನ್ನು ಎಣಿಸಿ ಎಣಿಸಿ ಹೆಕ್ಕುತ್ತದೆ. ಜತ್ತಪ್ಪಣ್ಣ, ನೀವು ಗದ್ದೆ ಬಿಟ್ಟು ರಬ್ಬರ್ ಹಾಕಿ ಹದಿನೈದು ವರ್ಷ ಆಯ್ತು. ನಿಮಗೆ ನವಿಲು ಅಂದರೆ ಕ್ಯಾಲೆಂಡರಿನ ಚಿತ್ರ."

"ರಾಷ್ಟ್ರಪಕ್ಷಿಯ ವಿರುದ್ಧ ಪಕ್ಷ ಕಟ್ಟಿದರೆ ಜೈಲು, ಗೊತ್ತುಂಟಾ?"

"ಮಂಗನ ವಿರುದ್ಧ ಕಟ್ಟಿದರೆ ಪಾಪ, ಅದು ಗೊತ್ತುಂಟಾ?"

"ನವಿಲು ಅಷ್ಟು ದೊಡ್ಡದಾದರೆ ನವಿಲುಗಳನ್ನೇ ಕೂರಿಸಿ ಸಭೆ ಮಾಡು!"

ನಿನ್ನ ಅಪ್ಪ ಎದ್ದು ಹೋದರು. ಹನ್ನೊಂದು ಜನರಲ್ಲಿ ಐದು ಜನ ಅವರ ಹಿಂದೆ ಹೋದರು, ಅದರಲ್ಲಿ ಇಬ್ಬರು ಊಟಕ್ಕೆ ವಾಪಸ್ ಬಂದರು. ಅಂದಿನಿಂದ ನಮ್ಮದು ಮಂಗ ಬಣ, ನಿಮ್ಮದು ನವಿಲು ಬಣ. ನಮ್ಮ ಪತ್ರಿಕೆ 'ಹಾರೆ'. ನಿಮ್ಮ ಪತ್ರಿಕೆ 'ನಿಜವಾದ ಹಾರೆ'. ನಲ್ವತ್ತು ವರ್ಷ ಒಬ್ಬರ ಮನೆಯ ಕೊಯ್ಲಿಗೆ ಇನ್ನೊಬ್ಬರು ಹೋಗುತ್ತಿದ್ದವರು ಆಮೇಲೆ ದಾರಿಯಲ್ಲಿ ಕಂಡರೆ ಮೊಬೈಲ್ ನೋಡತೊಡಗಿದರು. ಅಜ್ಜನ ಮೊಬೈಲಿನಲ್ಲಿ ನೋಡಲಿಕ್ಕೆ ಗಂಟೆ ಬಿಟ್ಟರೆ ಏನೂ ಇಲ್ಲ.

ನೀನು ಸಂಶೋಧನೆ ಮಾಡುವ ಪೋಲೆಂಡಿನ ರೈತರ ಕತೆಯನ್ನು ನಾನು ನಮ್ಮ ಅಜ್ಜಿಗೆ ಓದಿ ಹೇಳಿದ್ದೇನೆ. ಎರಡು ಯುದ್ಧಗಳ ನಡುವಿನ ಇಪ್ಪತ್ತು ವರ್ಷದಲ್ಲಿ ಅಲ್ಲಿಯೂ ಒಂದೇ ಜಾತಿಯ ಕಷ್ಟದ ರೈತರಿಗೆ ಎರಡು ಮೂರು ಪಕ್ಷ, ಪಕ್ಷಕ್ಕೊಂದು ಪತ್ರಿಕೆ, ಜಮೀನ್ದಾರರನ್ನು ಬೈಯಲು ಬೇಕಾದ ಶಾಯಿಯನ್ನೆಲ್ಲ ಒಬ್ಬರನ್ನೊಬ್ಬರು ಬೈದು ಮುಗಿಸುತ್ತಿದ್ದರು ಅಂತ ನೀನು ಬರೆದದ್ದನ್ನು ಕೇಳಿ ಪೂವಮ್ಮಜ್ಜಿ ಎಲೆಯಡಿಕೆ ಬಾಯಿಂದ ತೆಗೆದರು.

"ಅಲ್ಲಿ ಮಂಗ ಉಂಟಾ?"

"ಇಲ್ಲ ಅಜ್ಜಿ."

"ನವಿಲು?"

"ಅದೂ ಇಲ್ಲ."

"ಮತ್ತೆ ಅವರಿಗೆ ಜಗಳ ಮಾಡಲಿಕ್ಕೆ ಏನಿತ್ತು?"

"ಜಮೀನು, ಅಜ್ಜಿ. ಯಾರಿಗೆ ಎಷ್ಟು ಹಂಚಬೇಕು ಅಂತ."

"ಪಾಪ," ಎಂದು ಎಲೆಯಡಿಕೆ ಮತ್ತೆ ಬಾಯಿಗೆ ಹಾಕಿದರು.

ಗಡಿಯ ಕಡೆಯವರನ್ನು ಜನಗಣತಿಯವರು ಬಂದು "ನೀವು ಯಾವ ಜನಾಂಗ?" ಅಂತ ಕೇಳಿದಾಗ ಎಷ್ಟೋ ಜನ "ನಾವು ಇಲ್ಲಿಯವರು" ಅಂತ ಮಾತ್ರ ಹೇಳಿದರು ಎಂದು ಬರೆದಿದ್ದೆಯಲ್ಲ, ಅದು ಅಜ್ಜಿಗೆ ತುಂಬ ಹಿಡಿಸಿತು. ಮನೆಯಲ್ಲಿ ಒಂದು ಭಾಷೆ, ಪತ್ರಿಕೆಯಲ್ಲಿ ಇನ್ನೊಂದು ಎಂಬುದೂ ಹಿಡಿಸಿತು. ನಾವೂ ಹಾಗೇ ಅಲ್ವಾ? ಜಗಳ ಆಡುವುದು ತುಳುವಿನಲ್ಲಿ, ಅಚ್ಚು ಹಾಕುವುದು ಕನ್ನಡದಲ್ಲಿ. ಈ ಪತ್ರದಲ್ಲಿರುವ ಮಾತುಗಳನ್ನೂ ನಾನು ಕನ್ನಡಕ್ಕೆ ಇಸ್ತ್ರಿ ಹಾಕಿ ಬರೆದಿದ್ದೇನೆ, ಮೂಲದಲ್ಲಿ ಸುಕ್ಕು ಜಾಸ್ತಿ.

ಈಗ ಪ್ರೆಸ್ಸಿನ ವಿಷಯ. ಪಕ್ಷ ಒಡೆಯಿತು, ಆದರೆ ಪ್ರೆಸ್ ಒಡೆಯಲಿಲ್ಲ. ಎರಡೂ ಪತ್ರಿಕೆ ಅಚ್ಚಾಗುವುದು ಫರಂಗಿಪೇಟೆಯ ಅಬ್ದುಲ್ ವಹಾಬ್ ಕಾಕನ ಇದೇ ಅಂಗಡಿಯಲ್ಲಿ. ಬೇರೆ ಪ್ರೆಸ್ಸಿನವರಿಗೆ ಇಬ್ಬರ ಕೈಬರಹವೂ ಅರ್ಥವಾಗುವುದಿಲ್ಲ. ಮದುವೆ ಕಾಗದ, ಉರೂಸಿನ ಪೋಸ್ಟರು, ಭೂತಕೋಲದ ಆಮಂತ್ರಣ, ಇವುಗಳ ನಡುವೆ ಎರಡೂ 'ಹಾರೆ'ಗಳ ಪುಟ ಕಟ್ಟುವವನು ಇಲ್ಲಿಯ ಏಕೈಕ ನೌಕರನಾದ ನಾನು. ಒಂದೇ ಕಂಪ್ಯೂಟರು, ಒಂದೇ ಅಕ್ಷರ, ಪುಟದ ಅಳತೆ ಕೂಡ ಒಂದೇ. ಹೆಸರಿನಲ್ಲಿ 'ನಿಜವಾದ' ಎಂಬುದನ್ನು ಸೇರಿಸಿದರೆ ನಿಮ್ಮದು, ಅಳಿಸಿದರೆ ನಮ್ಮದು. ಇಬ್ಬರು ಸಂಪಾದಕರೂ ಎದುರುಬದುರಾಗಬಾರದೆಂದು ವಹಾಬ್ ಕಾಕ ಕಾನೂನು ಮಾಡಿದ್ದಾರೆ. ಮಂಗಳವಾರ ಅಜ್ಜ, ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ನಿನ್ನ ಅಪ್ಪ. ಕೂರಲು ಬೆಂಚು ಒಂದೇ. "ಬೆಂಚಿಗೆ ರಾಜಕೀಯ ಇಲ್ಲ," ಅಂತ ಕಾಕ ಹೇಳ್ತಾರೆ.

ಬೈಗುಳದ ಮಟ್ಟ ನಿನಗೆ ಗೊತ್ತೇ ಉಂಟು. ನೀನು ಹೋದ ಮೇಲೆ ಅದು ಇನ್ನೂ ಮೇಲೇರಿತು. 'ಹಾರೆ'ಯು ನಿನ್ನ ಅಪ್ಪನನ್ನು "ಗರಿ ಕೆದರಿದಷ್ಟೂ ಹಿಂಭಾಗ ಕಾಣುವ ನಾಯಕತ್ವ" ಎಂದು ಬಣ್ಣಿಸಿತು. 'ನಿಜವಾದ ಹಾರೆ'ಯು ಅಜ್ಜನ ಬಗ್ಗೆ "ಕೊಂಬೆಯಿಂದ ಕೊಂಬೆಗೆ ಹಾರಿದ್ದನ್ನೇ ಚಳುವಳಿ ಎಂದು ತಿಳಿದ ಹಿರಿಯರು" ಎಂದು ಉತ್ತರಿಸಿತು. ಇವನ್ನು ಬೆಳುವಾಯಿಯ ಬಸ್ ಸ್ಟ್ಯಾಂಡಿನಲ್ಲೂ ಕೊಕ್ಕಡದ ಹೋಟೆಲಿನಲ್ಲೂ ಗಟ್ಟಿಯಾಗಿ ಓದಿ, ಚಹಾ ಮೂಗಿಗೆ ಏರುವಷ್ಟು ನಗುತ್ತಿದ್ದರು. ಮಂಗನ ಬಗ್ಗೆಯಾಗಲಿ ನವಿಲಿನ ಬಗ್ಗೆಯಾಗಲಿ ಯಾರೂ ಒಂದು ಅಕ್ಷರ ಓದುತ್ತಿರಲಿಲ್ಲ.

ಅಷ್ಟರಲ್ಲಿ ಸಂಘದ ಚುನಾವಣೆ ಬಂತು. ಇದ್ದ ಒಂದು ಸೀಟಿಗೆ ಇಬ್ಬರೂ ನಿಲ್ಲುವುದಾಗಿ ಎರಡೂ ಪತ್ರಿಕೆ ಸಾರಿದವು. ಮೂರನೆಯವರಾಗಿ ಒಬ್ಬ ಹೋಟೆಲ್ ಧಣಿ ನಿಂತರು. ಅವರು ಅಡಿಕೆಯನ್ನು ನೋಡಿರುವುದು ಪಾನ್ ಬೀಡಾದಲ್ಲಿ ಮಾತ್ರ. ನಮ್ಮ ಮತ ಎರಡು ಪಾಲಾದರೆ ಅವರು ಕೂತಲ್ಲೇ ಗೆಲ್ಲುತ್ತಾರೆ ಎಂದು ಲೆಕ್ಕ ಬರದ ಕೋಳಿಗೂ ಗೊತ್ತಿತ್ತು, ಸಂಪಾದಕರಿಬ್ಬರನ್ನು ಬಿಟ್ಟು.

ಇಂಥ ಸಂದಿಗ್ಧದಲ್ಲಿ, ಅಕ್ಕ, ನಿನ್ನ ಕಾರ್ಡು ಬಂತು. ನನಗೆ ನಿನ್ನ ಅಕ್ಟೋಬರಿನ ಪತ್ರ ನೆನಪಾಯಿತು. ಸರಕಾರದ ಸೆನ್ಸಾರಿನವರು ಯಾವುದಾದರೂ ಲೇಖನವನ್ನು ತಡೆದರೆ ಆ ರೈತ ಪತ್ರಿಕೆಗಳು ಆ ಜಾಗದಲ್ಲಿ ಬೇರೇನೂ ತುಂಬದೆ ಬೆಳ್ಳಗೆ ಬಿಟ್ಟು ಅಚ್ಚು ಹಾಕುತ್ತಿದ್ದವು, ಓದುವವರು ಆ ಖಾಲಿ ಜಾಗವನ್ನೇ ಬೆರಳಿಟ್ಟು ತೋರಿಸುತ್ತಿದ್ದರು ಅಂತ ಬರೆದಿದ್ದೆ. ಇದನ್ನು ವಹಾಬ್ ಕಾಕನಿಗೂ ಆಗಲೇ ಹೇಳಿದ್ದೆ. "ನಮ್ಮಲ್ಲಿ ಹಾಗೆ ಬಿಟ್ಟರೆ ವಹಾಬನ ಮಿಷನ್ ಕೆಟ್ಟಿದೆ ಅಂತ ಊರಿಡೀ ಹೇಳ್ತಾರೆ," ಅಂದಿದ್ದರು.

ಆ ವಾರದ ಎರಡೂ ಪತ್ರಿಕೆಗಳ ಮೊದಲ ಪುಟ ಹೇಗಿತ್ತು ಅಂದರೆ: 'ಹಾರೆ'ಯಲ್ಲಿ ದಪ್ಪಕ್ಷರದಲ್ಲಿ "ಶ್ರೀ ಸುಧಾಕರ ಹೆಗ್ಡೆಯವರಿಗೆ ನಮ್ಮ ಕೊನೆಯ ಮಾತು" ಎಂಬ ತಲೆಬರಹ, ಅದರ ಕೆಳಗೆ ಒಂದು ಚೌಕ, ಚೌಕದೊಳಗೆ ಏನೂ ಇಲ್ಲ. 'ನಿಜವಾದ ಹಾರೆ'ಯಲ್ಲಿ "ಶ್ರೀ ಜತ್ತಪ್ಪ ಗೌಡರಿಗೆ ನಮ್ಮ ಕೊನೆಯ ಮಾತು", ಅದೇ ಚೌಕ, ಅದೇ ಏನೂ ಇಲ್ಲ.

ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ.

ಬೆಳುವಾಯಿಯಲ್ಲಿ ಒಬ್ಬರು ಪತ್ರಿಕೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಕೊಕ್ಕಡದಲ್ಲಿ ನಮ್ಮ ಅಜ್ಜಿ ಲಿಂಬೆಹುಳಿಯಲ್ಲಿ ಬರೆದಿರಬಹುದೆಂದು ದೋಸೆ ಕಾವಲಿಯ ಮೇಲೆ ಕಾಯಿಸಿದರು; ಪತ್ರಿಕೆಯ ಮೂಲೆ ಸುಟ್ಟಿತು, ಮಾತು ಕಾಣಲಿಲ್ಲ. ಸರಕಾರ ನಿಷೇಧ ಮಾಡಿದೆ ಅಂತ ಒಬ್ಬರು, ಹೋಟೆಲ್ ಧಣಿ ಕೊಂಡುಕೊಂಡಿದ್ದಾರೆ ಅಂತ ಇನ್ನೊಬ್ಬರು. ಸಾಮಾನ್ಯವಾಗಿ ಪೊಟ್ಟಣ ಕಟ್ಟಲು ಮಾತ್ರ 'ಹಾರೆ' ಕೇಳುವ ಅಂಗಡಿಯವರು ಫೋನು ಮಾಡಿ "ಖಾಲಿ ಇದ್ದ ಸಂಚಿಕೆ ಉಂಟಾ?" ಅಂತ ಕೇಳಿದರು.

ಸೋಮವಾರ ಚುನಾವಣೆಯ ಉಸ್ತುವಾರಿ ಕಚೇರಿಯಿಂದ ಒಬ್ಬ ಗುಮಾಸ್ತರು ಬೈಕಿನಲ್ಲಿ ಬಂದು, ಎರಡೂ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು.

"ಇದನ್ನು ಯಾರ ಆದೇಶದ ಮೇರೆಗೆ ಖಾಲಿ ಬಿಟ್ಟದ್ದು?"

"ಯಾರದ್ದೂ ಇಲ್ಲ ಸಾರ್," ಎಂದರು ಕಾಕ.

"ನಾವು ನಿಷೇಧ ಮಾಡಿದ್ದೇವೆ ಅಂತ ಊರಲ್ಲೆಲ್ಲ ಹೇಳ್ತಾರೆ. ನಮ್ಮ ಫೈಲಲ್ಲಿ ಅಂಥ ಆದೇಶ ಇಲ್ಲ. ಸಾಹೇಬರು ನನ್ನನ್ನು ಬೈತಿದ್ದಾರೆ, ಆದೇಶ ಎಲ್ಲಿ ಕಳೆದು ಹಾಕಿದ್ದೀ ಅಂತ."

"ಇಲ್ಲದ್ದನ್ನು ಯಾರು ನಿಷೇಧ ಮಾಡ್ತಾರೆ ಸಾರ್?"

"ಅದನ್ನೇ ಬರಹದಲ್ಲಿ ಕೊಡಿ."

ಕೊಟ್ಟೆ. ನನ್ನ ಜೀವಮಾನದ ಶ್ರೇಷ್ಠ ಗದ್ಯ ಅದು, ನಿನಗಾಗಿ ಪ್ರತಿ ಇಟ್ಟಿದ್ದೇನೆ: "ಈ ಮೂಲಕ ದೃಢೀಕರಿಸುವುದೇನೆಂದರೆ, ಸದರಿ ಚೌಕದಲ್ಲಿ ಹಿಂದೆ ಏನೂ ಇದ್ದಿರುವುದಿಲ್ಲ, ಈಗ ಏನೂ ಇರುವುದಿಲ್ಲ, ಮುಂದೆ ಏನಾದರೂ ಕಂಡುಬಂದಲ್ಲಿ ಅದಕ್ಕೆ ಓದುಗರೇ ಹೊಣೆ." ಗುಮಾಸ್ತರು ಎರಡು ಸಲ ಓದಿ, ಸೀಲು ಹಾಕಿಸಿಕೊಂಡು, ಸಮಾಧಾನದಿಂದ ಹೋದರು. ಹೋಗುವಾಗ ಮೆಲ್ಲ ಕೇಳಿದರು, "ನಿಜವಾಗಿಯೂ ಏನು ಬರೆದಿದ್ರಿ?"

ಬುಧವಾರ, ನಾಮಪತ್ರಕ್ಕೆ ಒಂದು ದಿನ ಬಾಕಿ. ಬುಧವಾರ ಯಾರ ದಿನವೂ ಅಲ್ಲ. ಹನ್ನೊಂದು ಗಂಟೆಗೆ ನಿನ್ನ ಅಪ್ಪ ಬಂದು ಬೆಂಚಿನಲ್ಲಿ ಕೂತರು. ಕೈಯಲ್ಲಿ 'ಹಾರೆ', ನಮ್ಮದು. ಐದು ನಿಮಿಷದಲ್ಲಿ ಅಜ್ಜ ಬಸ್ಸಿನಿಂದ ಇಳಿದರು. ಕೈಯಲ್ಲಿ 'ನಿಜವಾದ ಹಾರೆ', ನಿಮ್ಮದು. ಒಳಗೆ ಕಾಲಿಟ್ಟವರು ನಿನ್ನ ಅಪ್ಪನನ್ನು ನೋಡಿ ಮೊಬೈಲ್ ತೆಗೆದರು. ಗಂಟೆ ನೋಡಿದರು. ಮತ್ತೆ ನೋಡಿದರು. ಅದೇ ಗಂಟೆ.

"ಕೂರಿ ಗೌಡ್ರೇ," ಎಂದರು ಕಾಕ. "ಬೆಂಚು ಒಂದೇ ಇರುವುದು, ನಿಮಗೆ ಗೊತ್ತಲ್ವಾ."

ಅಜ್ಜ ಬೆಂಚಿನ ಆ ತುದಿಯಲ್ಲಿ ಕೂತರು. ಬೆಂಚಿನ ಈ ತುದಿ ಸ್ವಲ್ಪ ಮೇಲೆದ್ದಿತು, ನಿನ್ನ ಅಪ್ಪ ಹಿಡಿದುಕೊಂಡರು. ಕಾಕ ಎರಡು ಸುಲೈಮಾನಿ ಚಹಾ ತರಿಸಿದರು. ನಾನು ಕಂಪ್ಯೂಟರಿನ ಹಿಂದೆ ಸಾಧ್ಯವಾದಷ್ಟು ಸಣ್ಣಗಾದೆ.

ಅಜ್ಜ ಒಂದು ಗುಟುಕು ಕುಡಿದು ಗೋಡೆಯನ್ನು ಕೇಳಿದರು, "ಅಲ್ಲ, ಕೊನೆಯ ಮಾತು ಅಂತ ಹಾಕಿ ಒಳಗೆ ಏನೂ ಹಾಕದೆ ಇದ್ದರೆ ಓದುವವರು ಏನಂತ ತಿಳಿಯುವುದು?"

"ನಾನೂ ಅದನ್ನೇ ಕೇಳಲಿಕ್ಕೆ ಬಂದದ್ದು," ಎಂದರು ನಿನ್ನ ಅಪ್ಪ, ಅದೇ ಗೋಡೆಗೆ. "ನಾಲ್ಕು ದಿನ ನಿದ್ದೆ ಇಲ್ಲ. ಬೈದಿದ್ದರೆ ಓದಿ ಮಲಗಬಹುದಿತ್ತು."

"ನನಗೂ ಅಷ್ಟೇ ಮಾರಾಯ. ಪೂವಮ್ಮ ಕಾವಲಿಯಲ್ಲಿ ಇಟ್ಟು ನೋಡಿದಳು."

"ಸರಸ ನೀರಲ್ಲಿ ಮುಳುಗಿಸಿ ನೋಡಿದಳು."

ನಿನ್ನ ಅಮ್ಮ ಹಾಗೆ ಮಾಡಿದ್ದು ನಿಜ, ವಿಚಾರಿಸಿ ದೃಢಪಡಿಸಿಕೊಂಡಿದ್ದೇನೆ.

ಆಗ ನಿನ್ನ ಅಪ್ಪ ಮೊದಲ ಸಲ ಅಜ್ಜನ ಕಡೆ ತಿರುಗಿದರು. "ಜತ್ತಪ್ಪಣ್ಣ, ನೀವೇ ಬಿಡ್ಲಿಕ್ಕೆ ಹೇಳಿದ್ದಾ? ಇನ್ನು ಬೈಯುವುದು ಬೇಡ ಅಂತ?"

ಅಜ್ಜ ಒಮ್ಮೆ ಕೆಮ್ಮಿದರು. ನಾನು ಈ ಕೆಮ್ಮನ್ನು ಇಪ್ಪತ್ತಮೂರು ವರ್ಷದಿಂದ ಬಲ್ಲೆ. ಪುಕ್ಕಟೆ ಸಿಕ್ಕಿದ ದೊಡ್ಡ ಹ್ಯಾಟನ್ನು ತಲೆಗೆ ಇಟ್ಟು ನೋಡುವ ಕೆಮ್ಮು ಅದು. "ಹ್ಞೂಂ... ಸಾಕಲ್ವಾ ಇನ್ನು, ವಯಸ್ಸಾಯ್ತು. ನೀನೂ ಹಾಗೇ ಅಲ್ವಾ ಬಿಟ್ಟದ್ದು?"

ನಿನ್ನ ಅಪ್ಪನೂ ಕೆಮ್ಮಿದರು. "ಹಾಗೇ ಅಂತ ಇಟ್ಟುಕೊಳ್ಳಿ."

ಹೀಗೆ ಇಬ್ಬರು ಮಹಾನುಭಾವರು, ಕಾಕನ ಸುಲೈಮಾನಿಯ ಸಾಕ್ಷಿಯಲ್ಲಿ, ತಾವು ಮಾಡದ ಔದಾರ್ಯವನ್ನು ಪರಸ್ಪರ ಸ್ವೀಕರಿಸಿದರು.

ಆದರೆ ಪ್ರಣಾಳಿಕೆ? ಮೊದಲನೇ ಬೇಡಿಕೆ? ಅರ್ಧ ಗಂಟೆಯಲ್ಲಿ ಮತ್ತೆ ಮಂಗವೂ ನವಿಲೂ ಅಂಗಡಿಯೊಳಗೆ ಬಂದವು. ಧ್ವನಿ ಏರತೊಡಗಿತು. "ಒಂದು ಸಂಚಿಕೆಯಲ್ಲಿ ಮಂಗ ಮೇಲೆ, ಇನ್ನೊಂದರಲ್ಲಿ ನವಿಲು ಮೇಲೆ ಹಾಕುವ," ಅಂತ ಕಾಕ ಹೇಳಿದ್ದನ್ನು ಯಾರೂ ಕೇಳಲಿಲ್ಲ. ನಾನು ಹೆದರಿ ಅಜ್ಜಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

"ಸುಧಾಕರ ಅಲ್ಲಿದ್ದಾನಾ? ಊಟ ಮಾಡಿದ್ದೀಯಾ ಮಗಾ?" ಎಂದರು ಅಜ್ಜಿ, ಎರಡು ವರ್ಷ ನಡುವೆ ಹೋಗಿಯೇ ಇಲ್ಲ ಎಂಬಂತೆ.

"ಇಲ್ಲ ಪೂವಮ್ಮಕ್ಕ. ಇಲ್ಲಿ ಮಂಗನೋ ನವಿಲೋ ಅಂತ—"

"ಹಂದಿ ನಮ್ಮ ಮರಗೆಣಸು ಪೂರಾ ಅಗೆದು ಹಾಕಿತು, ಗೊತ್ತುಂಟಾ? ನಿನ್ನ ಗದ್ದೆಗೆ ಬರುವುದಿಲ್ವಾ ಹಂದಿ?"

"ಬರ್ತದೆ. ಮೊನ್ನೆ ಬದು ಪೂರ್ತಿ ಒಡೆದು ಹಾಕಿತು."

"ಮತ್ತೆ? ಆಗ ನಿಮ್ಮ ಮಂಗ ಎಲ್ಲಿತ್ತು, ನವಿಲು ಎಲ್ಲಿತ್ತು? ಮಲಗಿದ್ದವು. ಎಚ್ಚರ ಇದ್ದದ್ದು ಹಂದಿ ಮತ್ತು ನಾನು."

ಇಬ್ಬರೂ ಸುಲೈಮಾನಿಯ ಗ್ಲಾಸು ಕೆಳಗಿಟ್ಟರು. ಒಂದೂವರೆ ದಶಕದ ನಮ್ಮ ಪಕ್ಷದ ಇತಿಹಾಸದಲ್ಲಿ ಕಾಡುಹಂದಿಯ ಹೆಸರು ಯಾರಿಗೂ ಹೊಳೆದಿರಲಿಲ್ಲ. ಕೊಕ್ಕಡಕ್ಕೂ ಬೆಳುವಾಯಿಗೂ, ತೋಟಕ್ಕೂ ಗದ್ದೆಗೂ ಸಮಾನ ಶತ್ರು! ಮೊದಲನೇ ಬೇಡಿಕೆ ಹಂದಿ ಎಂದು ಸರ್ವಾನುಮತದಿಂದ ಅಂಗೀಕಾರವಾಯಿತು. ನಿನ್ನ ಪೋಲೆಂಡಿನ ಮೂರು ರೈತ ಪಕ್ಷಗಳು ಒಂದಾಗಲು ೧೯೩೧ರ ತನಕ ಕಾಯಬೇಕಾಯಿತು ಅಂತ ಬರೆದಿದ್ದೆ. ಅವರಿಗೆ ಒಬ್ಬಳು ಪೂವಮ್ಮಜ್ಜಿ ಇದ್ದಿದ್ದರೆ ಇಪ್ಪತ್ತೈದರಲ್ಲೇ ಮುಗಿಯುತ್ತಿತ್ತು ಅಂತ ನಿನ್ನ ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿ ಹಾಕು.

ಗುರುವಾರ ನಾಮಪತ್ರ ಹಾಕಲು ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದರು. ಕಚೇರಿಯ ಬಾಗಿಲಲ್ಲಿ ಹೊಸ ಜಗಳ. "ನೀವು ಹಿರಿಯರು, ನೀವೇ ನಿಲ್ಲಬೇಕು." "ಏ ಇಲ್ಲ, ನಿನಗೆ ಓಡಾಡುವ ಶಕ್ತಿ ಉಂಟು, ನೀನು ನಿಲ್ಲು." ಎರಡು ವರ್ಷ ತಾನು ತಾನು ಅಂದವರು ಈಗ ನೀನು ನೀನು ಅನ್ನುತ್ತಾ ಎರಡೂ ಮುಕ್ಕಾಲು ಗಂಟೆ ಮಾಡಿದರು. ಒಳಗಿನಿಂದ ಆ ಗುಮಾಸ್ತರೇ ಬಂದು, "ಮೂರಕ್ಕೆ ಬಾಗಿಲು ಹಾಕ್ತೇವೆ. ಅರ್ಜಿಯನ್ನೂ ಖಾಲಿ ಬಿಡ್ತೀರಾ?" ಅಂದ ಮೇಲೆ ಅಜ್ಜ ನಿನ್ನ ಅಪ್ಪನ ಕೈಗೆ ಪೆನ್ನು ಕೊಟ್ಟು, ತಾವು ಸೂಚಕರಾಗಿ ಸಹಿ ಮಾಡಿದರು. ಅಜ್ಜ ಸಹಿ ಮಾಡುವಾಗ ನಿನ್ನ ಅಪ್ಪ ಕಾಗದವನ್ನು ಹಿಡಿದುಕೊಂಡಿದ್ದರು, ಗಾಳಿ ಇರಲಿಲ್ಲ.

ಹೋದ ಭಾನುವಾರ ಬೆಳುವಾಯಿಯಲ್ಲಿ, ನಿಮ್ಮ ಮನೆಯ ಅಂಗಳದಲ್ಲೇ, ಪಕ್ಷದ ಐಕ್ಯ ಸಭೆ ನಡೆಯಿತು. ಊಟ ಇದ್ದ ಕಾರಣ ಎಪ್ಪತ್ತನಾಲ್ಕು ಜನ. ಎರಡು ಪತ್ರಿಕೆ ಸೇರಿ ಮತ್ತೆ ಒಂದೇ 'ಹಾರೆ'. ನನಗೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿದ್ದ ಒಂದು ಸೇಬು ಪ್ಲಾಸ್ಟಿಕ್ಕಿನದು, ನಾನು ಹಾಕಿದ್ದಲ್ಲ. "ಪೋಲೆಂಡಿನ ರೈತ ಬಂಧುಗಳ ಮಹಾನ್ ಪರಂಪರೆಯಿಂದ ಸ್ಫೂರ್ತಿ ಪಡೆದು, ಒಂದು ಅಕ್ಷರವನ್ನೂ ಬರೆಯದೆ ಎರಡು ಹೃದಯಗಳನ್ನು ಬೆಸೆದ ಯುವ ಪತ್ರಕರ್ತ" ಅಂತ ಸನ್ಮಾನ ಪತ್ರ. ಅದನ್ನು ಬರೆದವನೂ ನಾನೇ, ಪ್ರೆಸ್ಸಿನಲ್ಲಿ ಬೇರೆ ಯಾರಿದ್ದಾರೆ? ನಿನ್ನ ಅಪ್ಪ ಮೈಕಿನಲ್ಲಿ ನಿನ್ನ ಹೆಸರನ್ನು ಅರ್ಧಕ್ಕೇ ನಿಲ್ಲಿಸಿ, ಮೈಕು ಸರಿ ಇಲ್ಲ ಅಂದರು. ಮೈಕು ಸರಿ ಇತ್ತು. ಅಜ್ಜ ಎದ್ದು ಹೋಗಿ ಮೈಕನ್ನು ಎರಡು ಸಲ ತಟ್ಟಿ, ಸರಿ ಇಲ್ಲ ಅಂತ ಸಾಕ್ಷಿ ಹೇಳಿದರು.

ಮತದಾನ ಫೆಬ್ರವರಿ ಎರಡಕ್ಕೆ. ಹೋಟೆಲ್ ಧಣಿ ಈಗ ಪ್ರತಿ ಊರಲ್ಲೂ ಅಡಿಕೆ ಮರದ ಪಕ್ಕ ನಿಂತು ಫೋಟೋ ತೆಗೆಸುತ್ತಿದ್ದಾರೆ. ಒಂದು ಫೋಟೋದಲ್ಲಿ ಅವರು ತಬ್ಬಿ ನಿಂತದ್ದು ಬೈನೆ ಮರವನ್ನು.

ನೀನು ಚಳಿಗೆ ಕಿವಿ ಮುಚ್ಚಿಕೋ. ನಿನ್ನ ಪ್ರಬಂಧ ಮುಗಿಯಲಿ. ಆ ಗಡಿಯ ಊರುಗಳ ರೈತರು ಎಲ್ಲಿದ್ದಾರೋ ಅಲ್ಲಿಂದಲೇ ನಿನ್ನನ್ನು ಹರಸಲಿ, ಅವರ ಹಂದಿಗಳು ದೂರವಿರಲಿ. ವಯಸ್ಸಿನಲ್ಲಿ ಕಿರಿಯನಾದ್ದರಿಂದ ನಾನು ಆಶೀರ್ವದಿಸುವಂತಿಲ್ಲ, ಆದರೂ ಪೇಟ ಧರಿಸಿ ಬರೆಯುತ್ತಿರುವ ಕಾರಣ ಆ ಅಧಿಕಾರ ನನಗೆ ತಾತ್ಕಾಲಿಕವಾಗಿ ಪ್ರಾಪ್ತವಾಗಿದೆ ಎಂದು ಭಾವಿಸಿ ಹರಸುತ್ತೇನೆ.

ಇಂತು,
ಖಾಲಿ ಚೌಕ ಚಕ್ರವರ್ತಿ, ಉಭಯ ಹಾರೆ ಧುರಂಧರ,
ಮನ್ವಿತ್ ಕೊಕ್ಕಡ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಡಿಸಿದೆ.

ಆ ಖಾಲಿ ಜಾಗವನ್ನು ನಾನು ಪೋಲೆಂಡಿನ ನೆನಪಲ್ಲಿ ಬಿಟ್ಟದ್ದಲ್ಲ ಅಕ್ಕ. ಎರಡೂ ತಲೆಬರಹ ಕೂರಿಸಿ, ಕೆಳಗೆ ಬೈಗುಳ ಬರೆಯಲು ಕೂತಿದ್ದೆ. ಎದುರಿಗೆ ನಿನ್ನ ಕಾರ್ಡು ಇತ್ತು. ಒಂದು ಅಕ್ಷರವೂ ಬರಲಿಲ್ಲ. ಪ್ರೆಸ್ಸಿಗೆ ಹೊತ್ತಾಯಿತು ಅಂತ ಹಾಗೇ ಬಿಟ್ಟೆ. ಪೋಲೆಂಡಿನ ಕತೆ ಆಮೇಲೆ ಹೊಳೆದದ್ದು, ಯಾರೋ ಕೇಳಿದಾಗ.

ಬರೆಯಲು ಕೂತಿದ್ದೆ ಅಂದೆನಲ್ಲ. ನಾನೇ. ಹೋದ ದೀಪಾವಳಿಯ ಹಿಂದಿನ ದೀಪಾವಳಿ ಕಳೆದ ಮೇಲೆ ಅವರಿಬ್ಬರೂ ಒಂದು ಸಾಲೂ ಬರೆದಿಲ್ಲ. ಅಜ್ಜ ಒಂದು ಮಂಗಳವಾರ ಬಂದು, "ನನಗೆ ಈಗ ಸಿಟ್ಟು ಬರುವುದಿಲ್ಲ ಮಾರಾಯ, ಜಾಗ ತುಂಬಲಿಕ್ಕೆ ನೀನೇ ಏನಾದರೂ ಹಾಕು," ಅಂದರು. ಅದೇ ಶುಕ್ರವಾರ ನಿನ್ನ ಅಪ್ಪನೂ ಬಂದು ಅದನ್ನೇ ಹೇಳಿದರು. ಹೋಗುವಾಗ ಮೆಟ್ಟಿಲಲ್ಲಿ ನಿಂತು, "ಜತ್ತಪ್ಪಣ್ಣನ ಮೊಣಕಾಲು ಹೇಗುಂಟು ಈಗ?" ಅಂತ ಕೇಳಿದರು. ನಾನು ಅದನ್ನು ಅಜ್ಜನಿಗೆ ಹೇಳಲಿಲ್ಲ. ಅದರ ಬದಲು ನಿನ್ನ ಅಪ್ಪನ ಪತ್ರಿಕೆಯಲ್ಲಿ "ಮಂಡಿ ಸವೆದ ಸಿದ್ಧಾಂತ" ಅಂತ ಒಂದು ಸಂಪಾದಕೀಯ ಬರೆದೆ. ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಎರಡೆರಡು ಸಲ ಓದಿಸಿದರು. ಅಜ್ಜ ಮೂರು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ತನ್ನ ಪತ್ರಿಕೆಯ ಬೈಗುಳ ನನ್ನದು ಅಂತ ಇಬ್ಬರಿಗೂ ಗೊತ್ತಿತ್ತು. ಎದುರಿನ ಪತ್ರಿಕೆಯದು ಎದುರಿನವರದೇ ಅಂತ ಇಬ್ಬರೂ ನಂಬಿದ್ದರು.

ನನ್ನ ಹೆಸರು ಹಾಕಿ ಬರೆದದ್ದನ್ನು ಈ ಮೂರು ತಾಲೂಕಿನಲ್ಲಿ ಯಾರೂ ಓದಿಲ್ಲ, ನಿನ್ನನ್ನು ಬಿಟ್ಟರೆ. ಬೈಗುಳವನ್ನು ಎಲ್ಲರೂ ಓದುತ್ತಿದ್ದರು, ನಾನು ಪಕ್ಕದ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಬೇರೆ ಕಾರಣ ಏನೂ ಇಲ್ಲ. ವಹಾಬ್ ಕಾಕನಿಗೆ ಗೊತ್ತಿತ್ತು ಅಂತ ಕಾಣ್ತದೆ. "ನಿನ್ನ ಅಜ್ಜನ ಕೈಬರಹ ನೋಡದೆ ತುಂಬ ದಿನ ಆಯ್ತಲ್ಲ," ಅಂತ ಒಮ್ಮೆ ಹೇಳಿ, ಮತ್ತೆ ಆ ಮಾತು ಎತ್ತಲಿಲ್ಲ.

ನೀನು ಮಾಡು ಅಂದದ್ದನ್ನು ನಾನು ಮಾಡಲಿಲ್ಲ ಅಕ್ಕ. ಅವರಿಬ್ಬರೂ ಹದಿನಾಲ್ಕು ತಿಂಗಳ ಹಿಂದೆಯೇ ರಾಜಿಯಾಗಿದ್ದರು. ಅದನ್ನು ಅವರಿಗೆ ತಿಳಿಸಬೇಕಾಗಿದ್ದವನು ನಾನು.